ಹದಿನೇಳನೇ ಮೊಳೆ

ಹಳೇ ಹೈಸ್ಕೂಲಿನ ಕಾಂಪೌಂಡಿನಲ್ಲಿ ಎಡದಿಂದ ಎಣಿಸಿದರೆ
ಹದಿನೇಳನೇ ಮೊಳೆ ನನ್ನದು.
ತುಕ್ಕು ಹಿಡಿದಿದೆ, ಸ್ವಲ್ಪ ಬಾಗಿದೆ.
ಅಂತರಗಂಗೆ ಬೆಟ್ಟವನ್ನು ಒಮ್ಮೆ ಅದಕ್ಕೇ ನೇತುಹಾಕಿದ್ದೆ,
ನಾಲ್ಕಡಿಗೆ ಮೂರಡಿ, ಚೌಕಟ್ಟು ಸೇರಿ ಒಂಬತ್ತು ಕೇಜಿ.
ತಡೆದುಕೊಂಡಿತು.

ಈಗ ರಸ್ತೆ ಅಗಲವಾಗುತ್ತದಂತೆ.
ಹೊಂಗೆಮರಗಳಿಗೆ ಸುಣ್ಣದಲ್ಲಿ ನಂಬರು ಬರೆದಿದ್ದಾರೆ,
ಏಳರ ಬಾಲ ಸೊಟ್ಟ.
ಬೋರ್ಡು ಬರೆದು ಬದುಕಿದವನ ಕಣ್ಣಿಗೆ ಮೊದಲು ಕಂಡದ್ದು ಅದೇ,
ಮರ ಆಮೇಲೆ.
ನಮ್ಮ ಚಿತ್ರಸಂತೆಗೆ ಬದಲು ಜಾಗ ಕೊಡುತ್ತಾರಂತೆ:
ಕೋಲಾರದಾಚೆ, ಹೈವೇ ಪಕ್ಕ, ಕಲ್ಯಾಣಮಂಟಪದ ಮೈದಾನ,
ತಗಡಿನ ಚಾವಣಿ, ಇನ್ನೂರು ಕಾರಿಗೆ ಜಾಗ,
ಮೊದಲ ವರ್ಷ ಬಾಡಿಗೆ ಮಾಫಿ.

ಶಫಿಯ ಟೀ ಅಂಗಡಿಯ ಹಿಂದೆ ಕೂತೆವು.
ಹನ್ನೆರಡು ಕುರ್ಚಿ, ಹತ್ತೊಂಬತ್ತು ಜನ.
ಶಿವಾರಪಟ್ಟಣದ ಮುನಿಶಾಮಾಚಾರಿ
ಉಗುರಿನ ಕಲ್ಲುಪುಡಿ ಕೆರೆಯುತ್ತಾ ಅಂದ:
"ನನ್ ಗಣೇಶ ಎಂಬತ್ತು ಕೇಜಿ.
ಅಲ್ಲಿಗಾದ್ರೆ ಟೆಂಪೋದೋನು ಬಾಗ್ಲಿಗೇ ಇಳಿಸ್ತಾನೆ.
ಇಲ್ಲಿ ದೇವ್ರನ್ನ ನಾನೂ ನನ್ ಭಾಮೈದನೂ
ಸರ್ಕಲ್ಲಿಂದ ಹೊತ್ಕೊಂಡ್ ಬರ್ತೀವಿ, ನೋಡಿದ್ದೀರಾ?"

ಕೆಜಿಎಫ್‌ನ ಸೆಲ್ವಮಣಿ ಗಣಿಯ ಮಣ್ಣುದಿಬ್ಬಗಳನ್ನೇ ಬರೆಯುವವನು,
ಬರೀ ಬೂದಿ ಬಣ್ಣ, ಅದರಲ್ಲೇ ಮೂವತ್ತು ಥರ.
"ಕಾರಿಂದ ಇಳಿಯೋವ್ರು ನನ್ ಚಿತ್ರ ನೋಡಲ್ಲ ಸಾರ್.
ಬಸ್ ತಪ್ಪಿಸ್ಕೊಂಡೋರು ನೋಡ್ತಾರೆ.
ಅವ್ರಿಗೆ ಬೇರೆ ಕೆಲಸ ಇರಲ್ಲ ಅಲ್ವಾ."
ಎಲ್ಲರೂ ನಕ್ಕರು. ಅವನು ನಗಲಿಲ್ಲ.

ನಾನು ಬೆಳಕಿನ ಮಾತಾಡಿದೆ.
ಹತ್ತೂವರೆಗೆ ಹೊಂಗೆ ಸೋಸಿ ಕೊಡುವ ಬೆಳಕು,
ಕ್ಯಾನ್ವಾಸಿನ ಮೇಲೆ ಮಜ್ಜಿಗೆ ಚೆಲ್ಲಿದ ಹಾಗೆ.
ತಗಡಿನ ಕೆಳಗೆ ಕೆಂಪು ಕೆಂಪಲ್ಲ, ಹಸಿರು ಹಸಿರಲ್ಲ ಅಂದೆ.
ಮಂಡಿಯಿಂದ ಖಾಲಿ ಕ್ರೇಟು ಹೊತ್ತು ಹೋಗುತ್ತಿದ್ದಾಕೆ
ನಿಂತು ನನ್ನ ಟೊಮೆಟೊ ಚಿತ್ರ ನೋಡಿ
"ಇದು ನಿನ್ನೆ ಕಿತ್ತಿದ್ದು" ಅಂದದ್ದು ಹೇಳಿದೆ.
ಅಂಥ ವಿಮರ್ಶೆ ಮಂಟಪದಲ್ಲಿ ಸಿಗುತ್ತಾ?
ಚೆನ್ನಾಗಿಯೇ ಮಾತಾಡಿದೆ.
ಒಂದಿಬ್ಬರು ಚಪ್ಪಾಳೆ ಕೂಡ ತಟ್ಟಿದರು.

ಮೂಲೆಯಲ್ಲಿ ನಸೀಮಾ ಇದ್ದಳು.
ರೇಷ್ಮೆಗೂಡಿನ ಮೇಲೆ ಗುಬ್ಬಿಯ ಕಣ್ಣಷ್ಟು ಸಣ್ಣ ಮನೆಗಳನ್ನು
ಬಾಗಿಲು ಕಿಟಕಿ ಸಮೇತ ಬರೆಯುತ್ತಾಳೆ.
ಹದಿನೆಂಟನೇ ಮೊಳೆ ಅವಳದು.
"ಅಲ್ಲಿ ಪಾಯಖಾನೆ ಇದ್ಯಾ?" ಅಂದಳು.
ಇದೆ ಅಂದರು ಯಾರೋ. ಹೆಂಗಸರಿಗೆ ಬೇರೆ.
"ಹಂಗಾದ್ರೆ ನನ್ ಓಟು ಅಲ್ಲಿಗೆ.
ಹನ್ನೊಂದ್ ವರ್ಷ ಆಯ್ತು, ಸಂತೆ ದಿನ ನಾನು ನೀರು ಕುಡ್ದಿಲ್ಲ.
ಹಿಂದಿನ ರಾತ್ರಿಯಿಂದಾನೇ."

ಶಫಿಯ ಸ್ಟವ್ ಸದ್ದು ಕೇಳಿಸತೊಡಗಿತು.

ಮುನಿಸಿಪಾಲಿಟಿಗೆ ಕೊಟ್ಟ ಅರ್ಜಿಗಳೆಲ್ಲ ನನ್ನ ಕೈಬರಹ, ದುಂಡಗೆ.
ಬ್ಯಾನರಿಗೆ ಒಂದು, ಶಾಮಿಯಾನಕ್ಕೆ ಎರಡು,
ದನ ನುಗ್ಗದಂತೆ ಹಗ್ಗ ಕಟ್ಟಲು ಒಂದು.
ಮಧ್ಯಾಹ್ನ ನಾನು ಚಾಚಿದ ಬಾಟಲಿಗೆ ಪ್ರತಿ ಸಲ
"ಆಮೇಲೆ ಅಣ್ಣಾ" ಅನ್ನುತ್ತಿದ್ದಳು.
ನಾಚಿಕೆ ಅಂದುಕೊಂಡಿದ್ದೆ,
ಒಂದು ವರ್ಷ ರೋಜಾ ಇರಬೇಕು ಅಂತಲೂ.
ನಾವು ಗಂಡಸರು ಆ ಗೋಡೆಯ ಆಚೆ ಬದಿಗೇ
ಹೋಗಿ ಬರುತ್ತಿದ್ದೆವು,
ಬಂದು ಕೈ ಒರೆಸಿಕೊಂಡು
ಬೆಳಕಿನ ಮಾತಾಡುತ್ತಿದ್ದೆವು.

"ಇಲ್ಲೇ ಒಂದು ಕಟ್ಟಿಸಿಕೊಡಿ ಅಂತ ಕೇಳೋಣ" ಅಂದ ಸೆಲ್ವಮಣಿ.
"ರಸ್ತೆ ಬರೋ ಜಾಗದಲ್ಲಾ?"
ಆಚಾರಿ ಕೊನೇ ಬಸ್ಸಿಗೆ ಎದ್ದ.
ತೀರ್ಮಾನ ಮುಂದಿನ ಶುಕ್ರವಾರಕ್ಕೆ ಹೋಯಿತು.

ಏಳುವ ಮುಂಚೆ ನಸೀಮಾ ಶಫಿಯನ್ನು ನೀರು ಕೇಳಿದಳು.
ದೊಡ್ಡ ಸ್ಟೀಲ್ ಲೋಟ.
ಎತ್ತಿ, ಉಸಿರು ಬಿಡದೆ, ಪೂರ್ತಿ ಕುಡಿದಳು,
ಇನ್ನೊಂದು ಕೇಳಿದಳು.

ಮನೆಗೆ ಹೋಗುವಾಗ ಗೋಡೆಯ ಪಕ್ಕದಲ್ಲೇ ಹಾದುಹೋದೆ.
ಎಣಿಸಲಿಲ್ಲ.